ಸಭೆಗೆ ವಿಷಯ ಆರಿಸುವುದು ಹೇಗೆ? ನಮ್ಮಲ್ಲಿ ಹೊಸಬರು ಬಾಯಿಯೇ ಬಿಡುತ್ತಿಲ್ಲ

ಬುಧವಾರದ_ಗುಂಪು

ಎಲ್ಲರಿಗೂ ನಮಸ್ಕಾರ. ನಾನು ಕುಡಿತ ಬಿಟ್ಟು ನಾಲ್ಕು ವರ್ಷ ಆಯ್ತು. ಮೂರು ತಿಂಗಳಿಂದ, ಕುಡಿತ ಬಿಡುವವರು ಸೇರುವ ನಮ್ಮ ಬುಧವಾರದ ಸಭೆ ನಡೆಸುವ ಹೊಣೆ ನನ್ನ ಮೇಲಿದೆ. ಹನ್ನೆರಡು, ಹದಿಮೂರು ಜನ ಬರುತ್ತಾರೆ. ಒಂದು ಗಂಟೆ ಕೂರುತ್ತೇವೆ. ವಾರಕ್ಕೊಂದು ವಿಷಯ ಇಟ್ಟು ಸುತ್ತಲೂ ಒಬ್ಬೊಬ್ಬರೇ ಮಾತಾಡುವುದು ರೂಢಿ. ಆ ವಿಷಯ ಆರಿಸುವುದೇ ಈಗ ನನಗೆ ಕಷ್ಟವಾಗಿದೆ.

ಹೋದ ವಾರ "ಕೃತಜ್ಞತೆ" ಅಂತ ಇಟ್ಟೆ. ಹಳಬರು ಚೆನ್ನಾಗಿ ಮಾತಾಡಿದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಒಬ್ಬ ಹೊಸಬರು ಕೂತಿದ್ದರು. ಬಿಟ್ಟು ಎರಡನೇ ದಿನ ಅಂತ ಶುರುವಿನಲ್ಲೇ ಹೇಳಿದ್ದರು. ಕೈ ನಡುಗುತ್ತಿತ್ತು. ಯಾರಿಗೂ ಕಾಣಬಾರದು ಅಂತ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು. ಅವರ ಸರದಿ ಬಂದಾಗ ನೆಲ ನೋಡುತ್ತಾ, "ಥ್ಯಾಂಕ್ಸ್ ಹೇಳೋ ಅಂಥದ್ದು ನನ್ನ ಹತ್ರ ಏನೂ ಉಳಿದಿಲ್ಲ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಸರದಿ ಮುಂದಿನವರಿಗೆ ಹೋಯಿತು. ಈ ವಾರ ಅವರು ಬರಲಿಲ್ಲ.

ಆ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ. ನೀವೆಲ್ಲ ವಿಷಯ ಹೇಗೆ ಆರಿಸುತ್ತೀರಿ? ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳುತ್ತೀರಾ, ಅವತ್ತು ಬಂದವರ ಮುಖ ನೋಡಿ ಹೇಳುತ್ತೀರಾ? ಇಡಲೇಬಾರದ ವಿಷಯ ಅಂತ ಏನಾದರೂ ಇದೆಯಾ?

ಹಳೇ_ಕುರ್ಚಿ

ಅವರು ಬರದಿದ್ದಕ್ಕೆ ನಿಮ್ಮ ವಿಷಯವೊಂದೇ ಕಾರಣ ಅಂದುಕೊಳ್ಳಬೇಡಿ. ಎರಡನೇ ದಿನ ಮನುಷ್ಯನನ್ನು ನೂರು ಕಡೆ ಎಳೆಯುತ್ತದೆ. ಆದರೂ ನೀವು ಕೇಳಿರುವುದು ಕೇಳಲೇಬೇಕಾದ ಪ್ರಶ್ನೆ.

ನಾನು ಹದಿನೇಳು ವರ್ಷದಿಂದ ಈ ಸಭೆಗಳಲ್ಲಿ ಕೂತಿದ್ದೇನೆ. ಒಂದೇ ಪದದ ವಿಷಯ ಇಟ್ಟಾಗಲೆಲ್ಲ ಹಳಬರು ಮಾತಾಡುತ್ತಾರೆ, ಹೊಸಬರು ಸುಮ್ನೆ ಕೇಳುತ್ತಾರೆ. ಕೃತಜ್ಞತೆ, ಕ್ಷಮೆ, ಶರಣಾಗತಿ, ಒಪ್ಪಿಕೊಳ್ಳುವುದು. ಒಳ್ಳೆಯ ಪದಗಳೇ. ಆದರೆ ಇವು ಸ್ವಲ್ಪ ದೂರ ನಡೆದು ಹಿಂದೆ ತಿರುಗಿ ನೋಡಿದವರು ಇಟ್ಟ ಹೆಸರುಗಳು. ಎರಡನೇ ದಿನದವರ ಹತ್ತಿರ ಇರುವುದು ನಿನ್ನೆ ರಾತ್ರಿ ಒಂದೇ. ಅದನ್ನು ಕೇಳಿ, ಹೇಳುತ್ತಾರೆ.

ಹಾಗಾಗಿ ನಾನು ಪದ ಇಡುವುದಿಲ್ಲ, ಪ್ರಶ್ನೆ ಇಡುತ್ತೇನೆ. ಆ ಪ್ರಶ್ನೆಯಲ್ಲಿ ಒಂದು ಹೊತ್ತೋ ಒಂದು ಜಾಗವೋ ಇರುವ ಹಾಗೆ ನೋಡಿಕೊಳ್ಳುತ್ತೇನೆ. "ಈ ವಾರ ನಿಮಗೆ ಮುಗಿಯದ ಗಂಟೆ ಅನಿಸಿದ್ದು ಯಾವುದು? ಆಗ ಎಲ್ಲಿದ್ದಿರಿ?" ಇದಕ್ಕೆ ಎರಡು ದಿನದವರೂ ಉತ್ತರ ಕೊಡಬಹುದು, ಇಪ್ಪತ್ತು ವರ್ಷದವರೂ ಕೊಡಬಹುದು. ಕೃತಜ್ಞತೆಯನ್ನೇ ಇಡಬೇಕು ಅನಿಸಿದರೆ, "ಈ ವಾರ ಯಾರು ನಿಮಗಾಗಿ ಒಂದು ಸಣ್ಣ ಕೆಲಸ ಮಾಡಿಕೊಟ್ಟರು?" ಅಂತ ಕೇಳಿ. ಪದ ತಾನಾಗಿ ಆಮೇಲೆ ಬರುತ್ತದೆ.

ಪ್ರಶ್ನೆಯ ಕೊನೆಯ ಪದವನ್ನೂ ನೋಡಿಕೊಳ್ಳಿ. "ಹಂಬಲ ಬಂದಾಗ ಏನು ಮಾಡಬೇಕು?" ಅಂದರೆ ಎಲ್ಲರೂ ಉಪದೇಶ ಶುರು ಮಾಡುತ್ತಾರೆ. "ಹೋದ ಸಲ ಹಂಬಲ ಬಂದಾಗ ಏನು ಮಾಡಿದಿರಿ?" ಅಂದರೆ ಕಥೆ ಬರುತ್ತದೆ. "ಬೇಕು" ಬಂದ ಕಡೆ ಭಾಷಣ ಬರುತ್ತದೆ. "ಯಾಕೆ" ಕೂಡ ಬೇಡ. "ಯಾಕೆ ಕುಡಿದಿರಿ?" ಅನ್ನುವ ಪ್ರಶ್ನೆಯನ್ನು ಈ ಜನ ಜೀವನಪೂರ್ತಿ ಕೇಳಿಸಿಕೊಂಡಿದ್ದಾರೆ. ಅದು ಕಿವಿಗೆ ಬಿದ್ದ ಕೂಡಲೇ ಮೈ ಬಿಗಿಯಾಗುತ್ತದೆ. ಯಾವಾಗ, ಎಲ್ಲಿ, ಆಮೇಲೆ ಏನಾಯ್ತು. ಇಷ್ಟು ಕೇಳಿದರೆ "ಯಾಕೆ" ಅನ್ನುವುದಕ್ಕೆ ಉತ್ತರ ಅದರೊಳಗೇ ಸಿಗುತ್ತದೆ.

ರಾತ್ರಿ_ಪಾಳಿ

ನಾನು ನರ್ಸ್. ಚಟ ಬಿಡಿಸುವ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ವಿಷಯದ ಮಾತಿಗೆ ಮುಂಚೆ ಆ ಕೈ ನಡುಕದ ಬಗ್ಗೆ ಹೇಳಲೇಬೇಕು.

ದಿನವೂ ಜಾಸ್ತಿ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು. ಕೊನೆಯ ಸಲ ಕುಡಿದು ಸುಮಾರು 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. 48ರಿಂದ 96 ಗಂಟೆಯ ನಡುವೆ ಕೆಲವರಿಗೆ ಡೆಲಿರಿಯಂ ಬರುತ್ತದೆ. ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳಿಸುತ್ತದೆ, ಬೆವರು, ಜ್ವರ, ಎದೆಬಡಿತ ಎಲ್ಲ ಏರುತ್ತದೆ. ನಿದ್ದೆಗೋ ಆತಂಕಕ್ಕೋ ಬೆಂಜೊಡಯಜೆಪಿನ್ ಮಾತ್ರೆಗಳನ್ನು ತುಂಬಾ ದಿನ ನುಂಗಿದವರೂ ಥಟ್ಟನೆ ನಿಲ್ಲಿಸಬಾರದು. ಇವರಿಗೆಲ್ಲ ಮೊದಲು ಬೇಕಾಗಿರುವುದು ಡಾಕ್ಟರು. ಎಷ್ಟೇ ಒಳ್ಳೆಯ ವಿಷಯ ಇಟ್ಟರೂ ಆ ಹೊತ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ನಡುಗುತ್ತಾ ಕೂತವರು ಕಂಡರೆ ಸಭೆ ಮುಗಿಯುವ ತನಕ ಕಾಯಬೇಡಿ. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ: "ಕೊನೆಗೆ ಕುಡಿದದ್ದು ಯಾವಾಗ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಮನೆಯಲ್ಲಿ ಜೊತೆಗೆ ಯಾರಿದ್ದಾರೆ?" ಯಾರಾದರೂ ಒಬ್ಬರು ಆಸ್ಪತ್ರೆ ತನಕ ಜೊತೆಗೆ ಹೋಗುವುದು ಒಳ್ಳೆಯದು. ಅವರ ನಂಬರ್ ಇದ್ದರೆ ಇವತ್ತೇ ಫೋನ್ ಮಾಡಿ, ದಯವಿಟ್ಟು.

ಬುಧವಾರದ_ಗುಂಪು

ನಂಬರ್ ಇದೆ. ಈಗಲೇ ಮಾಡುತ್ತೇನೆ. ಇದು ನನಗೆ ಹೊಳೆಯಲೇ ಇಲ್ಲ. ನಾನು ಬಿಟ್ಟದ್ದು ಆಸ್ಪತ್ರೆಯಲ್ಲಿ. ಮನೆಯಲ್ಲೇ ಬಿಡುವವರ ಪಾಡು ನನಗೆ ಗೊತ್ತಿರಲಿಲ್ಲ.

ಸಾಲದ_ಪಟ್ಟಿ

ನನ್ನದು ಜೂಜು. ಫೋನಿನಲ್ಲೇ ಆಡುತ್ತಿದ್ದೆ. ಎಲ್ಲ ಥರದ ಚಟದವರೂ ಬರುವ ಒಂದು ಗುಂಪಿಗೆ ಹೋಗುತ್ತೇನೆ. ಅಲ್ಲಿ ವಿಷಯಗಳೆಲ್ಲ ಕುಡಿತದ ಸುತ್ತಲೇ ಇರುತ್ತಿದ್ದವು. "ಪಾರ್ಟಿಗೆ ಕರೆದರೆ ಹೇಗೆ ಬೇಡ ಅಂತೀರಿ?" ನನ್ನನ್ನು ಯಾರೂ ಪಾರ್ಟಿಗೆ ಕರೆಯುತ್ತಿರಲಿಲ್ಲ. ನಾನು ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಫೋನಿನ ಬೆಳಕು ಕಮ್ಮಿ ಮಾಡಿಕೊಂಡು, ಹೆಬ್ಬೆರಳಿನಿಂದ ಬ್ಯಾಲೆನ್ಸಿನ ಅಂಕಿ ಮುಚ್ಚಿಕೊಂಡು ಆಡುತ್ತಿದ್ದೆ. ಕಣ್ಣಿಗೆ ಕಾಣದಿದ್ದರೆ ಕಳೆದಿಲ್ಲ ಅನಿಸುತ್ತಿತ್ತು.

ಒಂದು ವಾರ ನಡೆಸುವವರು "ನೀವು ಯಾರಿಗೂ ಕಾಣದ ಹಾಗೆ ಬಚ್ಚಿಟ್ಟದ್ದು ಏನು, ಎಲ್ಲಿ?" ಅಂತ ಕೇಳಿದರು. ಅವತ್ತು ಮೊದಲ ಸಲ ನಾನು ಮಾತಾಡಿದೆ. ಒಬ್ಬರು ಬಾಟಲಿ ಬಚ್ಚಿಟ್ಟ ಜಾಗ ಹೇಳಿದರು. ಒಬ್ಬರು ಮಾತ್ರೆ ಹೇಳಿದರು. ನಾನು ಹೆಬ್ಬೆರಳಿನ ಮಾತು ಹೇಳಿದೆ. ಎಲ್ಲರಿಗೂ ಅರ್ಥವಾಯಿತು.

ಬೇರೆ ಬೇರೆ ಚಟದವರು ಕೂತಾಗ ಚಟದ ಮೇಲೆ ವಿಷಯ ಇಡಬೇಡಿ, ಅದರ ಅಡಿಯಲ್ಲಿ ಇರುವುದರ ಮೇಲೆ ಇಡಿ. ಸುಳ್ಳು, ಕೈಗೆ ದುಡ್ಡು ಬಂದ ದಿನ, ಕೆಲಸವಿಲ್ಲದ ಭಾನುವಾರ, ನಿದ್ದೆ ಬಾರದ ರಾತ್ರಿ. ಜೂಜಿನವರಿಗೆ ಬೇರೆ ಗುಂಪೇ ಇದೆ, ಗ್ಯಾಂಬ್ಲರ್ಸ್ ಅನಾನಿಮಸ್ 1957ರಿಂದ ನಡೆಯುತ್ತಿದೆ. ಅಲ್ಲಿ ಸಾಲದ ವಿಷಯವನ್ನೇ ಬಿಡಿಸಿ ಮಾತಾಡುತ್ತಾರೆ. ಆದರೆ ಎಲ್ಲರಿಗೂ ತಮ್ಮದೇ ಗುಂಪು ಹತ್ತಿರದಲ್ಲಿ ಸಿಗುವುದಿಲ್ಲ, ಅಲ್ವಾ?

ಹನ್ನೆರಡು_ಮೆಟ್ಟಿಲು

ಎಲ್ಲರ ಮಾತೂ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವಾರ ವಾರ ಮನಸ್ಸಿಗೆ ಬಂದ ವಿಷಯ ಆರಿಸುತ್ತಾ ಹೋದರೆ ಗುಂಪು ಹಿತವಾದ ಜಾಗದಲ್ಲೇ ಗಿರಕಿ ಹೊಡೆಯುತ್ತದೆ. ನಾನು ಮೊದಲು ಹೋಗುತ್ತಿದ್ದ ಗುಂಪಿನಲ್ಲಿ ಎರಡು ವರ್ಷ "ಒಂದೊಂದೇ ದಿನ", "ಸ್ನೇಹ", "ಭರವಸೆ" ಇವೇ ತಿರುಗಿ ತಿರುಗಿ ಬಂದವು. ತಾನು ಯಾರಿಗೆ ನೋವು ಕೊಟ್ಟೆ ಅನ್ನುವುದನ್ನು ಯಾರೂ ಮುಟ್ಟಲಿಲ್ಲ. ನನಗೆ ನಿಜವಾಗಿ ಬೇಕಾಗಿದ್ದದ್ದು ಅದೇ.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಗುಂಪುಗಳು ಅನುಸರಿಸುವ ಹನ್ನೆರಡು ಮೆಟ್ಟಿಲುಗಳಿಗೆ ಒಂದು ಕ್ರಮ ಇದೆ. 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಅಮೆರಿಕದ ಆಕ್ರನ್ ಊರಿನಲ್ಲಿ ಶುರು ಮಾಡಿದ್ದು ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಜೊತೆ ಮಾತಾಡುವುದನ್ನು, ಅಷ್ಟೇ. ಆ ಅನುಭವವೇ ಆಮೇಲೆ ಹನ್ನೆರಡು ಮೆಟ್ಟಿಲುಗಳ ರೂಪ ಪಡೆಯಿತು. ಮೊದಲನೆಯದರಲ್ಲಿ ಸೋತೆ ಅಂತ ಒಪ್ಪಿಕೊಳ್ಳುತ್ತೀರಿ. ನಾಲ್ಕನೆಯದರಲ್ಲಿ ನಿಮ್ಮ ಲೆಕ್ಕ ನೀವೇ ಬರೆಯುತ್ತೀರಿ. ಎಂಟನೆಯದರಲ್ಲಿ ನೋಯಿಸಿದವರ ಪಟ್ಟಿ. ಒಂಬತ್ತನೆಯದರಲ್ಲಿ ಅವರ ಹತ್ತಿರ ಹೋಗಿ ಸರಿಪಡಿಸುವುದು. ತಿಂಗಳಿಗೆ ಒಂದು ಮೆಟ್ಟಿಲು ಇಟ್ಟರೆ ಒಂದು ವರ್ಷಕ್ಕೆ ಸರಿಯಾಗುತ್ತದೆ. ಯಾರ ಮನಸ್ಸಿನ ಮೇಲೂ ನಿಲ್ಲಬೇಕಾಗಿಲ್ಲ.

ಇದು ಬರೀ ನಂಬಿಕೆಯ ಮಾತಲ್ಲ. 2020ರಲ್ಲಿ, ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಸೇರಿಸಿ ನೋಡಿತು. ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ, ಎ.ಎ. ಕಡೆಗೆ ಜನರನ್ನು ಸೇರಿಸುವ ಕ್ರಮಬದ್ಧ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು.

ನಾಲ್ಕು_ದಿಕ್ಕು

ಮೆಟ್ಟಿಲಿನವರ ಮಾತಿಗೆ ಪೂರ್ತಿ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆ ಪರಿಶೀಲನೆ ಕುಡಿತದ ಬಗ್ಗೆ. ಮತ್ತೆ ಅದು ನೋಡಿದ್ದು ಇಡೀ ಕ್ರಮವನ್ನು. ಸಭೆಯಲ್ಲಿ ಯಾವ ವಾರ ಯಾವ ವಿಷಯ ಅನ್ನುವುದನ್ನಲ್ಲ. ಆದ್ದರಿಂದ ಈ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕುವುದು ಕಷ್ಟ.

ನಾನು ಹೋಗುವುದು ಸ್ಮಾರ್ಟ್ ರಿಕವರಿ ಥರದ ಗುಂಪಿಗೆ. ಅದು ಮೆಟ್ಟಿಲುಗಳಿಲ್ಲದೆ ಚಟ ಬಿಡುವ ಇನ್ನೊಂದು ಕ್ರಮ, 1994ರಲ್ಲಿ ಶುರುವಾದದ್ದು. ನಮ್ಮಲ್ಲಿ ನಾಲ್ಕು ದಿಕ್ಕು: ಬಿಡುವ ಮನಸ್ಸು ಗಟ್ಟಿ ಮಾಡಿಕೊಳ್ಳುವುದು, ಹಂಬಲವನ್ನು ನಿಭಾಯಿಸುವುದು, ಯೋಚನೆ ಮತ್ತು ಭಾವನೆಗಳನ್ನು ನೋಡಿಕೊಳ್ಳುವುದು, ಬದುಕಿಗೆ ಒಂದು ಹದ ತಂದುಕೊಳ್ಳುವುದು. ಸಭೆಯ ಮೊದಲ ಹದಿನೈದು ನಿಮಿಷ ಎಲ್ಲರೂ ಈ ವಾರ ಹೇಗಿತ್ತು ಅಂತ ಒಂದೆರಡು ಮಾತು ಹೇಳುತ್ತಾರೆ. ನಡೆಸುವವರು ಅದನ್ನು ಕೇಳಿಸಿಕೊಂಡು, ಜಾಸ್ತಿ ಜನ ಯಾವ ದಿಕ್ಕಿನಲ್ಲಿ ಒದ್ದಾಡುತ್ತಿದ್ದಾರೋ ಅಲ್ಲಿಂದ ವಿಷಯ ಎತ್ತುತ್ತಾರೆ. ಹೀಗೆ ಮಾಡಿದರೆ ಕ್ರಮವೂ ಇರುತ್ತದೆ, ಬಂದವರ ಮುಖವೂ ನೋಡಿದ ಹಾಗಾಗುತ್ತದೆ.

ಯಾವ ಗುಂಪಿನಲ್ಲಿ ಬೇಕಾದರೂ ನಡೆಯುವ ವಿಷಯ ಒಂದಿದೆ. ಹಸಿವು, ಸಿಟ್ಟು, ಒಂಟಿತನ, ದಣಿವು. ಇಂಗ್ಲಿಷಿನಲ್ಲಿ ಇವುಗಳ ಮೊದಲ ಅಕ್ಷರ ಸೇರಿಸಿ ಹಾಲ್ಟ್ ಅನ್ನುತ್ತಾರೆ, ನಿಲ್ಲು ಅಂತ. "ಈ ನಾಲ್ಕರಲ್ಲಿ ಈ ವಾರ ನಿಮ್ಮನ್ನು ಜಾಸ್ತಿ ಕಾಡಿದ್ದು ಯಾವುದು? ಯಾವ ದಿನ?" ಅಂತ ಕೇಳಿ ನೋಡಿ. ಮಾತು ಬಾರದವರೂ ಒಂದು ಪದ ಹೇಳಬಹುದು. "ದಣಿವು, ಸೋಮವಾರ." ಅಷ್ಟು ಹೇಳಿದರೂ ಅವರು ಮಾತಾಡಿದಂತೆಯೇ.

ಹನ್ನೆರಡು_ಮೆಟ್ಟಿಲು

ಸರಿ, ಆ ಮಾತು ಒಪ್ಪುತ್ತೇನೆ. ಪರಿಶೀಲನೆ ವಿಷಯದ ಕ್ರಮವನ್ನು ನೋಡಿಲ್ಲ. ಆದರೆ ಗುಂಪು ಕಷ್ಟದ ವಿಷಯದಿಂದ ತಪ್ಪಿಸಿಕೊಳ್ಳುತ್ತದೆ ಅನ್ನುವುದು ನಾನು ಕಣ್ಣಾರೆ ಕಂಡದ್ದು. ಅದಕ್ಕೊಂದು ಉಪಾಯ ಇಟ್ಟುಕೊಳ್ಳಿ. ತಿಂಗಳಲ್ಲಿ ಮೂರು ವಾರ ಮುಖ ನೋಡಿ, ಒಂದು ವಾರ ಮೆಟ್ಟಿಲು ನೋಡಿ.

ಸುತ್ತು_ದಾರಿ

ಇಡಬಾರದ ವಿಷಯ ಇದೆಯಾ ಅಂತ ಕೇಳಿದ್ದೀರಿ. ಇದೆ.

ನಾನು ಹೆರಾಯಿನ್ ಬಿಟ್ಟು ಮೂರು ವರ್ಷ. ಬಿಟ್ಟು ಎರಡು ತಿಂಗಳಾಗಿದ್ದಾಗ ಒಂದು ಸಭೆಯಲ್ಲಿ ವಿಷಯ "ಮೊದಲ ಸಲ" ಅಂತಿತ್ತು. ಒಬ್ಬರು ಎಲ್ಲ ಬಿಡಿಸಿ ಹೇಳಿದರು. ಫಾಯಿಲ್ ಹೇಗೆ ಮಡಚಿದ್ದು, ಲೈಟರ್ ಎಷ್ಟು ದೂರ ಹಿಡಿದದ್ದು, ಹೊಗೆಯ ವಾಸನೆ. ಅವರ ಉದ್ದೇಶ ಕೆಟ್ಟದಲ್ಲ. ಆದರೆ ನನ್ನ ಬಾಯಲ್ಲಿ ನೀರು ಬಂತು. ಕಾಲು ತಾನಾಗಿ ಅಲುಗಾಡಲು ಶುರುವಾಯಿತು. ಸಭೆ ಮುಗಿದ ಮೇಲೆ ನನ್ನ ಹಳೇ ಜಾಗದ ಮುಂದೆ ಹಾಯಬಾರದು ಅಂತ ಒಂದೂವರೆ ಗಂಟೆ ಸುತ್ತು ಹಾಕಿಕೊಂಡು ಮನೆಗೆ ನಡೆದೆ. ನನ್ನನ್ನು ಕಾಪಾಡಬೇಕಾದ ಜಾಗವೇ ನನ್ನನ್ನು ಅಂಚಿಗೆ ತಳ್ಳಿತ್ತು.

ಆದ್ದರಿಂದ ಬಳಸಿದ ಕಾಲವನ್ನೇ ನಡುವಿಗೆ ತರುವ ವಿಷಯ ಬೇಡ. "ಮೊದಲ ಸಲ", "ಅತಿ ಕೆಟ್ಟ ರಾತ್ರಿ", "ಎಷ್ಟು ಬಳಸುತ್ತಿದ್ದೆ" ಇವು ಬೇಡವೇ ಬೇಡ. ಹಿಂದಿನ ಮಾತು ಬರಲಿ, ಬರಬೇಕು ಕೂಡ. ಆದರೆ ಎಷ್ಟು, ಹೇಗೆ, ಯಾವ ರೀತಿ ಅನ್ನುವುದು ಬರದಿರಲಿ. ನಮ್ಮ ಗುಂಪಿನಲ್ಲಿ ಸಭೆ ಶುರುವಾಗುವಾಗಲೇ ಇದನ್ನು ಹೇಳುತ್ತೇವೆ. ಯಾರಾದರೂ ಮರೆತರೆ ನಡೆಸುವವರು "ಆಮೇಲೆ ಏನಾಯ್ತು?" ಅಂತ ಮೆತ್ತಗೆ ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ.

ಡ್ರಗ್ಸ್ ಬಿಟ್ಟವರು ಇರುವ ಗುಂಪಾದರೆ ಇನ್ನೊಂದು ವಿಷಯ ಆಗಾಗ ಬರಲೇಬೇಕು. ಕೆಲವು ವಾರ ಬಿಟ್ಟ ಮೇಲೆ ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಕಮ್ಮಿಯಾಗಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತು ಹೋಗಬಹುದು. ಆಸ್ಪತ್ರೆಯಿಂದಲೋ ಜೈಲಿನಿಂದಲೋ ಹೊರಗೆ ಬಂದ ಮೊದಲ ವಾರಗಳು ಹೆಚ್ಚು ಅಪಾಯದವು ಅನ್ನುವುದು ಇದಕ್ಕೇ. ಹೆದರಿಸಲು ಹೇಳುತ್ತಿಲ್ಲ. ಗೊತ್ತಿದ್ದರೆ ಬದುಕುತ್ತಾರೆ.

ನಲವತ್ತು_ದಿನ

ನಾನು ಹೊಸಬ. ಇವತ್ತಿಗೆ 41 ದಿನ. ಹೊಸಬರ ಕಡೆಯಿಂದ ಒಂದು ಮಾತು ಹೇಳಬಹುದಾ?

ನಮ್ಮ ಗುಂಪಿನಲ್ಲಿ ಮುಂದಿನ ವಾರದ ವಿಷಯವನ್ನು ಮೆಸೇಜಿನಲ್ಲಿ ಮೊದಲೇ ಕಳಿಸುತ್ತಾರೆ. ತಯಾರಾಗಿ ಬರಲಿ ಅಂತ. ಒಂದು ವಾರ "ಅಪ್ಪ" ಅಂತ ಬಂತು. ನಾನು ಅವತ್ತು ಹೋಗಲಿಲ್ಲ. ಬಟ್ಟೆ ಹಾಕಿಕೊಂಡು, ಚಪ್ಪಲಿ ಹಾಕಿಕೊಂಡು, ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಆಮೇಲೆ ಚಪ್ಪಲಿ ಬಿಚ್ಚಿದೆ. ಅವತ್ತು ನಾನು ಕುಡಿಯಲಿಲ್ಲ ಅನ್ನುವುದು ನನ್ನ ಅದೃಷ್ಟ.

ಮೊದಲೇ ಹೇಳದಿದ್ದರೆ ಹೋಗಿರುತ್ತಿದ್ದೆ. ಹೋಗಿದ್ದರೆ ಮಾತಾಡದಿದ್ದರೂ ಕೂತಿರುತ್ತಿದ್ದೆ.

ಕೊನೇ_ಸಾಲು

ನಲವತ್ತು ದಿನ, ನೀವು ಬರೆದದ್ದು ಓದಿ ಕಣ್ಣು ತುಂಬಿತು. ಆದರೆ ನನಗೆ ಆದದ್ದು ಉಲ್ಟಾ. ಮೊದಲೇ ಹೇಳದೆ "ಬಾಲ್ಯದ ಗಾಯ" ಅಂತ ಇಟ್ಟರು. ಹನ್ನೆರಡು ಗಂಡಸರು, ಇಬ್ಬರು ಹೆಂಗಸರು. ಸರದಿ ಸುತ್ತುತ್ತಾ ಬರುತ್ತಿತ್ತು. ನನಗಿಂತ ಮೂರು ಜನ ಮುಂದಿದ್ದಾಗಲೇ ನನ್ನ ಕಿವಿ ಗುಂಯ್ ಅನ್ನಲು ಶುರುವಾಯಿತು. ಅವರು ಏನು ಹೇಳಿದರು ಅಂತ ಒಂದಕ್ಷರವೂ ಕೇಳಿಸಲಿಲ್ಲ. ನನ್ನ ಮೇಲೆ ನಡೆದದ್ದನ್ನು ನಾನು ಅಲ್ಲಿ ಹೇಳಲು ಸಾಧ್ಯವೇ ಇರಲಿಲ್ಲ. ಹೇಳದೆ ಇರುವುದಕ್ಕೂ ದಾರಿ ಕಾಣಲಿಲ್ಲ.

ಅಂಥ ಗಾಯ ಬಿಚ್ಚಲು ಬೇರೆ ಜಾಗ ಬೇಕು. ಒಬ್ಬರೇ ಕೌನ್ಸೆಲರ್ ಮುಂದೆ, ಅಥವಾ ಹೆಂಗಸರೇ ಇರುವ ಸಣ್ಣ ಗುಂಪಿನಲ್ಲಿ. ಅಮೆರಿಕದ ಜೀನ್ ಕರ್ಕ್‌ಪ್ಯಾಟ್ರಿಕ್ ಅನ್ನುವವರು 1975ರಲ್ಲಿ ವಿಮೆನ್ ಫಾರ್ ಸೊಬ್ರೈಟಿ ಅನ್ನುವ ಹೆಂಗಸರ ಗುಂಪು ಶುರು ಮಾಡಿದ್ದು ಹೆಂಗಸರಿಗೆ ಬೇಕಾದದ್ದು ಬೇರೆ ಅಂತಲೇ. ಒಂದು ಗಂಟೆಯ ಸಭೆಯಲ್ಲಿ ತಲಾ ನಾಲ್ಕು ನಿಮಿಷ ಸಿಗುತ್ತದೆ. ನಾಲ್ಕು ನಿಮಿಷದಲ್ಲಿ ಗಾಯ ಬಿಚ್ಚಬಹುದು, ಮುಚ್ಚಲು ಆಗುವುದಿಲ್ಲ. ಬಿಚ್ಚಿದ್ದನ್ನು ಹಾಗೆಯೇ ಹೊತ್ತುಕೊಂಡು ರಾತ್ರಿ ಒಬ್ಬಳೇ ಮನೆಗೆ ಹೋಗಬೇಕು.

ವಿಷಯ ಮೊದಲೇ ಹೇಳುತ್ತೀರೋ ಬಿಡುತ್ತೀರೋ, ಎರಡು ಮಾತು ಮಾತ್ರ ಪ್ರತಿ ಸಲ ಹೇಳಿ. "ಪಾಸ್ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ." "ಬೇರೆ ಏನಾದರೂ ಎದೆಯಲ್ಲಿದ್ದರೆ ವಿಷಯ ಬಿಟ್ಟು ಅದನ್ನೇ ಹೇಳಬಹುದು." ಇವೆರಡನ್ನು ನಡೆಸುವವರು ಗೋಡೆಗೆ ಅಂಟಿಸಿದರೆ ಸಾಲದು. ಬಾಯಿಬಿಟ್ಟು ಹೇಳಬೇಕು, ಹೊಸಬರ ಕಡೆ ನೋಡಿ ಹೇಳಬೇಕು. ಸರದಿಯ ಬದಲು ಯಾರಿಗೆ ಅನಿಸುತ್ತದೋ ಅವರು ಮಾತಾಡುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು. ಸರದಿ ಹತ್ತಿರ ಬರುತ್ತಿದ್ದರೆ ಜನ ಕೇಳುವುದನ್ನೇ ನಿಲ್ಲಿಸುತ್ತಾರೆ.

ಹಳೇ_ಕುರ್ಚಿ

ನಾಲ್ಕು ನಿಮಿಷದ ಲೆಕ್ಕ ಸರಿಯಾಗಿದೆ. ಅದು ವಿಷಯದ ಗಾತ್ರವನ್ನೂ ಹೇಳುತ್ತದೆ. ಅರವತ್ತು ನಿಮಿಷದಲ್ಲಿ ಶುರು ಮತ್ತು ಕೊನೆಗೆ ಹತ್ತು ಹೋಯಿತು. ಉಳಿದ ಐವತ್ತರಲ್ಲಿ ಹನ್ನೆರಡು ಜನ. ನಾಲ್ಕು ನಿಮಿಷಕ್ಕೆ ಹಿಡಿಸುವ ಪ್ರಶ್ನೆ ಕೇಳಿ. "ನಿಮ್ಮ ಮದುವೆ" ಅಂದರೆ ಹಿಡಿಸುವುದಿಲ್ಲ. "ಈ ವಾರ ಮನೆಯಲ್ಲಿ ಆಡಿದ ಒಂದು ಒಳ್ಳೆಯ ಮಾತು" ಅಂದರೆ ಹಿಡಿಸುತ್ತದೆ.

ಇಪ್ಪತ್ತು ಜನ ಬಂದರೆ ಎರಡಾಗಿ ಕೂರಿ.

ಬೀಗದ_ಸದ್ದು

ನಾನು ಕುಡಿಯುವವಳಲ್ಲ. ಕುಡಿಯುವವರ ಹೆಂಡತಿ. ಮನೆಯವರ ಗುಂಪಿಗೆ ಹೋಗುತ್ತೇನೆ, ಅಲ್-ಅನಾನ್ ಥರದ್ದು. ಅದು 1951ರಿಂದ ಇದೆ, ಶುರು ಮಾಡಿದವರಲ್ಲಿ ಎ.ಎ. ಶುರು ಮಾಡಿದ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಕೂಡ ಒಬ್ಬರು.

ನಮ್ಮಲ್ಲೂ ವಿಷಯದ ಕಷ್ಟ ಇದೇ. ಎಚ್ಚರ ತಪ್ಪಿದರೆ ಪೂರ್ತಿ ಒಂದು ಗಂಟೆ ಅವರ ಬಗ್ಗೆಯೇ ಮಾತಾಡುತ್ತೇವೆ. ಅವರು ಎಷ್ಟು ಕುಡಿದರು, ಏನು ಅಂದರು, ಎಲ್ಲಿ ಬಿದ್ದರು. ಮನೆಯಲ್ಲೂ ಅವರದೇ ಮಾತು, ಇಲ್ಲೂ ಅವರದೇ ಮಾತು. ಹಾಗಾಗಿ ನಮ್ಮ ವಿಷಯಗಳಲ್ಲಿ "ನಾನು" ಇರಲೇಬೇಕು ಅಂತ ಮಾಡಿಕೊಂಡೆವು. "ಅವರು ತಡ ಮಾಡಿದ ರಾತ್ರಿ ನನ್ನ ದೇಹ ಏನು ಮಾಡುತ್ತದೆ?" ಅಂತ ಒಂದು ವಾರ ಇಟ್ಟರು. ಬೀಗದೊಳಗೆ ಕೀಲಿ ತಿರುಗುವ ಸದ್ದಿನಿಂದಲೇ ಅವರು ಎಷ್ಟು ಕುಡಿದಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ಹೊಕ್ಕರೆ ಪರವಾಗಿಲ್ಲ. ಲೋಹಕ್ಕೆ ಲೋಹ ಗೀರಿದರೆ ನಾನು ಮಗುವಿನ ಕೋಣೆಯ ಬಾಗಿಲು ಮುಚ್ಚುತ್ತಿದ್ದೆ. ಇದನ್ನು ಹೇಳಿದಾಗ ಎದುರಿಗೆ ಕೂತ ಅಜ್ಜಿಯೊಬ್ಬರು ತಲೆ ಆಡಿಸಿದರು. ಅವರೂ ಆ ಸದ್ದನ್ನು ಬಲ್ಲವರು.

ಬುಧವಾರದವರಿಗೆ ಒಂದು ವಿನಂತಿ. "ಕ್ಷಮೆ ಕೇಳುವುದು" ಅಂತ ವಿಷಯ ಇಡುವಾಗ ನಮ್ಮನ್ನೂ ನೆನಪಿಟ್ಟುಕೊಳ್ಳಿ. ಒಂಬತ್ತನೇ ಮೆಟ್ಟಿಲಿನಲ್ಲೇ ಒಂದು ತಡೆ ಇದೆ. ಸರಿಪಡಿಸಲು ಹೋಗಿ ಅವರಿಗೋ ಬೇರೆಯವರಿಗೋ ಇನ್ನೂ ನೋವಾಗುವಂತಿದ್ದರೆ ಹೋಗಬಾರದು. ಸಭೆಯ ಉಮೇದಿನಲ್ಲಿ ಅವತ್ತೇ ರಾತ್ರಿ ಮನೆಗೆ ಬಂದು ಅಳುತ್ತಾ ಕಾಲು ಹಿಡಿದರೆ ನಮಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ನಮಗೆ ಅದಕ್ಕಿಂತ ಒಂದು ತಿಂಗಳು ಸರಿಯಾಗಿ ತಿರುಗಿದ ಕೀಲಿ ಸಾಕು.

ಸುತ್ತು_ದಾರಿ

ಇದನ್ನು ಓದಿ ನನ್ನ ಅಮ್ಮನಿಗೆ ಫೋನ್ ಮಾಡಿದೆ. ಏನೂ ವಿಶೇಷ ಮಾತಾಡಲಿಲ್ಲ. ಹೇಳಿದ ಹೊತ್ತಿಗೆ ಮಾಡಿದೆ, ಅಷ್ಟೇ.

ರಾತ್ರಿ_ಪಾಳಿ

ಜಾರಿಬಿದ್ದವರ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ಯಾರಾದರೂ ಮತ್ತೆ ಕುಡಿದು ಸಭೆಗೆ ಬಂದ ವಾರ "ರಿಲ್ಯಾಪ್ಸ್" ಅಂತ ವಿಷಯ ಇಡಬೇಡಿ. ಒಳ್ಳೆಯ ಮನಸ್ಸಿನಿಂದಲೇ ಇಡುತ್ತಾರೆ, ಗೊತ್ತು. ಆದರೆ ಆ ವ್ಯಕ್ತಿಯನ್ನು ನಡುವೆ ಕೂರಿಸಿ ಹನ್ನೆರಡು ಜನ ಪಾಠ ಹೇಳಿದ ಹಾಗಾಗುತ್ತದೆ.

ಆ ವಿಷಯ ಬೇರೆ ವಾರ ಬರಲಿ, ಯಾರೂ ಜಾರದ ವಾರ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ತಮ್ಮ ಜೊತೆಗಾರರ ಜೊತೆ 1985ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸಂಗತಿ ವಿವರಿಸಿದ್ದಾರೆ. ಒಂದು ಸಲ ತಪ್ಪಿದ ಮನುಷ್ಯ "ಎಲ್ಲ ಹಾಳಾಯ್ತು, ನಾನು ಇಷ್ಟೇ" ಅಂದುಕೊಳ್ಳುತ್ತಾನೆ. ಆ ನಾಚಿಕೆ ಮತ್ತು ಹತಾಶೆಯೇ ಒಂದು ತಪ್ಪನ್ನು ಪೂರ್ತಿ ಬೀಳುವುದರ ತನಕ ಎಳೆಯುತ್ತದೆ. ವಾರ್ಡಿನಲ್ಲಿ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಗ್ಲಾಸ್ ಶನಿವಾರ. ಭಾನುವಾರ ನಾಚಿಕೆ. ನಾಚಿಕೆಯಿಂದ ಫೋನ್ ಎತ್ತುವುದಿಲ್ಲ. ಹತ್ತು ದಿನದ ಮೇಲೆ ಸ್ಟ್ರೆಚರ್.

ಹಾಗಾಗಿ ಪ್ರಶ್ನೆ ಹೀಗಿರಲಿ: "ಒಂದು ತಪ್ಪಾದ ಮೇಲೆ, ಎರಡನೆಯದು ಆಗುವ ಮುಂಚೆ, ನಿಮಗೆ ಯಾರ ಫೋನ್ ಬಂದಿದ್ದರೆ ಎತ್ತುತ್ತಿದ್ದಿರಿ?" ಅವತ್ತೇ ಎಲ್ಲರೂ ಆ ನಂಬರ್ ಬರೆದಿಟ್ಟುಕೊಳ್ಳಲಿ.

ಸಾಲದ_ಪಟ್ಟಿ

ಮೊದಲೇ ಹೇಳಬೇಕೋ ಬೇಡವೋ ಅನ್ನುವುದಕ್ಕೆ ನಮ್ಮ ಗುಂಪು ಕಂಡುಕೊಂಡದ್ದು ಚೀಟಿ. ಬಂದವರು ಒಳಗೆ ಬರುವಾಗ ಬೇಕಿದ್ದರೆ ಒಂದು ಚೀಟಿ ಬರೆದು ಡಬ್ಬಿಗೆ ಹಾಕುತ್ತಾರೆ. ಹೆಸರು ಬೇಡ. ನಡೆಸುವವರು ಎರಡು ತೆಗೆದು, ಓದಿ, ಒಂದನ್ನು ಇಡುತ್ತಾರೆ. ಎರಡು ಯಾಕೆ ಅಂದರೆ, ಒಂದು ತೀರಾ ಭಾರ ಇದ್ದರೆ ಇನ್ನೊಂದು ಇರುತ್ತದೆ. ಬಿಟ್ಟ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಸಭೆ ಮುಗಿದ ಮೇಲೆ "ಒಂದು ಚೀಟಿ ಇವತ್ತು ಇಡಲಿಲ್ಲ, ಬರೆದವರಿಗೆ ಬೇಕಿದ್ದರೆ ನಾನು ಇಲ್ಲೇ ಇರುತ್ತೇನೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. ಇಷ್ಟು ಹೇಳಿದ್ದರಿಂದ ಒಬ್ಬರು ಉಳಿದುಕೊಂಡದ್ದು ನಾನೇ ನೋಡಿದ್ದೇನೆ.

ಚೀಟಿ ಬರೆದವರಲ್ಲಿ ಜಾಸ್ತಿ ಜನ ಅವತ್ತು ಬಾಯಿ ಬಿಡದವರೇ.

ಬುಧವಾರದ_ಗುಂಪು

ನಿಮ್ಮೆಲ್ಲರ ಮಾತು ಎರಡೆರಡು ಸಲ ಓದಿದೆ. ಒಂದು ವಾರದ ಮೇಲೆ ಬಂದು ಬರೆಯುತ್ತಿದ್ದೇನೆ.

ಮೊದಲು ಆ ಹೊಸಬರ ವಿಷಯ. ಫೋನ್ ಮಾಡಿದೆ. ಬೇರೆ ಯಾರೋ ಎತ್ತಿದರು. ಗುಂಪಿನ ಹೆಸರು ಹೇಳಲಿಲ್ಲ, ನನ್ನ ಹೆಸರಷ್ಟೇ ಹೇಳಿದೆ. ಅವರಿಗೆ ಸಭೆಯ ಮರುದಿನ ರಾತ್ರಿ ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಈಗ ಪರವಾಗಿಲ್ಲ ಅಂದರು. ರಾತ್ರಿ ಪಾಳಿಯವರೇ, ನೀವು ಹೇಳಿದ ಆ ಮೂರು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದು ಸಭೆಯ ಫೈಲಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ.

ಈ ಬುಧವಾರ ಪದ ಇಡಲಿಲ್ಲ. "ಈ ವಾರ ಮುಗಿಯದ ಗಂಟೆ ಯಾವುದು, ಎಲ್ಲಿದ್ದಿರಿ?" ಅಂತ ಕೇಳಿದೆ. ಪಾಸ್ ಅನ್ನಬಹುದು ಅಂತ ಬಾಯಿಬಿಟ್ಟು ಹೇಳಿದೆ. ಸರದಿ ತೆಗೆದೆ. ಮೊದಲ ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಏನಾದರೂ ಹೇಳಿಬಿಡೋಣ ಅನಿಸಿತು, ತಡೆದುಕೊಂಡೆ. ಆಮೇಲೆ ಐದು ತಿಂಗಳಿಂದ ಬರುತ್ತಿದ್ದು ಒಂದು ದಿನವೂ ಮಾತಾಡದ ಒಬ್ಬರು "ಸಂಜೆ ಆರೂವರೆ, ಬಸ್ಸಿನಲ್ಲಿ, ನನ್ನ ಸ್ಟಾಪ್‌ಗಿಂತ ಎರಡು ಸ್ಟಾಪ್ ಮುಂಚೆ" ಅಂದರು. ಅಲ್ಲಿ ಇಳಿದರೆ ಅಂಗಡಿ. ದಿನಾ ಆ ಎರಡು ನಿಮಿಷ ಕಂಬ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಾರಂತೆ. ಅವರು ಮುಗಿಸಿದ ಮೇಲೆ ಇನ್ನೊಬ್ಬರು, ತಾವೂ ಅದೇ ಬಸ್ಸಿನಲ್ಲಿ ಬರುವುದಾಗಿ ಹೇಳಿದರು. ಈಗ ಇಬ್ಬರೂ ಜೊತೆಗೆ ಬರುತ್ತಾರೆ.

ಡಬ್ಬಿಯನ್ನೂ ಇಟ್ಟೆ. ಐದು ಚೀಟಿ ಬಂದಿವೆ. ಮುಂದಿನ ವಾರಕ್ಕೆ ಒಂದನ್ನು ಆರಿಸಬೇಕು. ಅದರಲ್ಲಿ ಒಂದು ಚೀಟಿಯ ಮುಂದೆ ಕೈ ಕಟ್ಟಿದಂತಾಗಿದೆ. "ದೇವರನ್ನು ನಂಬದವರು ಏನು ಮಾಡಬೇಕು?" ಅಂತ ಬರೆದಿದ್ದಾರೆ. ಇದನ್ನು ಇಟ್ಟರೆ ವಾದ ಆಗುತ್ತದೆ ಅಂತ ಭಯ. ಬಿಟ್ಟರೆ ಬರೆದವರು ಬರುವುದನ್ನು ಬಿಡುತ್ತಾರೆ ಅಂತ ಭಯ.

ಹನ್ನೆರಡು_ಮೆಟ್ಟಿಲು

ವಾದಕ್ಕೆ ಬಿಡಬೇಡಿ. 1950ರಲ್ಲಿ ಎ.ಎ. ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳಲ್ಲಿ, ಅಂದರೆ ಗುಂಪು ನಡೆಯುವ ರೀತಿಯ ನಿಯಮಗಳಲ್ಲಿ, ಹತ್ತನೆಯದು ಇದಕ್ಕೇ ಇರುವುದು. ಹೊರಗಿನ ವಿಷಯಗಳಲ್ಲಿ ಗುಂಪಿಗೆ ಅಂತ ಒಂದು ಅಭಿಪ್ರಾಯ ಇಲ್ಲ. ಧರ್ಮವೂ ಅದರಲ್ಲಿ ಬರುತ್ತದೆ. ಆದರೆ ಬರೆದವರು ಕೇಳುತ್ತಿರುವುದು ಧರ್ಮದ ಮಾತಲ್ಲ ಅಂತ ನನಗನಿಸುತ್ತದೆ. ತನಗೆ ಇಲ್ಲಿ ಜಾಗ ಇದೆಯಾ ಅಂತ ಕೇಳುತ್ತಿದ್ದಾರೆ. ಮೂರನೆಯ ಸಂಪ್ರದಾಯದ ಪ್ರಕಾರ ಸದಸ್ಯರಾಗಲು ಬೇಕಾಗಿರುವುದು ಕುಡಿತ ಬಿಡುವ ಆಸೆ ಒಂದೇ. ಸಭೆಯ ಶುರುವಿನಲ್ಲೇ ಇದನ್ನು ಹೇಳಿ.

ಹಳೇ_ಕುರ್ಚಿ

ಚೀಟಿ ಇಡಿ. "ಬೇಕು" ಮಾತ್ರ ತೆಗೆಯಿರಿ. "ಒಬ್ಬರೇ ತಡೆದುಕೊಳ್ಳಲು ಆಗದ ರಾತ್ರಿ ನೀವು ಏನನ್ನು ಹಿಡಿದುಕೊಂಡಿರಿ?" ಅಂತ ಕೇಳಿ. ದೇವರು ಅನ್ನುವವರು ದೇವರು ಅನ್ನಲಿ. ಬಸ್ಸಿನ ಕಂಬ ಅನ್ನುವವರು ಕಂಬ ಅನ್ನಲಿ.

ಬುಧವಾರದ_ಗುಂಪು

ಇದನ್ನೇ ಇಡುತ್ತೇನೆ. ಉಳಿದ ನಾಲ್ಕು ಚೀಟಿಗಳಲ್ಲಿ ಒಂದು "ನಿದ್ದೆ", ಒಂದು "ಸಂಬಳದ ದಿನ", ಒಂದು "ಮಗಳ ಜೊತೆ ಮಾತು". ಇನ್ನೊಂದು ಖಾಲಿ. ಯಾರೋ ಏನೂ ಬರೆಯದೆ ಎರಡು ಸಲ ಮಡಚಿ ಹಾಕಿದ್ದಾರೆ. ಮುಂದಿನ ವಾರ ಮುಗಿದ ಮೇಲೆ, "ಒಂದು ಖಾಲಿ ಚೀಟಿ ಬಂದಿತ್ತು, ಹಾಕಿದವರಿಗೆ ಬೇಕಿದ್ದರೆ ನಾನು ಇಲ್ಲೇ ಇರುತ್ತೇನೆ" ಅಂತ ಹೇಳಿ ಅರ್ಧ ಗಂಟೆ ಕೂತಿರುತ್ತೇನೆ.